ಇವಾಮಿನೆಯ ಮೇಲಿರುವ ಭರಣಿ

ನಮ್ಮ ಮಿನೆಗುಚಿ ಹಳ್ಳಿಯ ಪ್ರವಾಸಿ ಸಂಘದವರು ಹೋದ ವಸಂತದಲ್ಲಿ ಒಂದು ಕೈಪಿಡಿಯನ್ನು ಅಚ್ಚು ಹಾಕಿಸಿದ್ದಾರೆ. ಅದರ ಹನ್ನೊಂದನೆಯ ಪುಟದಲ್ಲಿ ಮಸುತಾನಿ ಟೊಮೆಜೊ ಎಂಬ ಹೊರೆಯಾಳಿನ ವಿಷಯವಾಗಿ ಒಂಬತ್ತು ಸಾಲುಗಳಿವೆ. ಒಂಬತ್ತು ಸಾಲುಗಳಲ್ಲಿ ಐದು ತಪ್ಪುಗಳಿವೆ. ಆತ ಪ್ರತಿ ಸಲವೂ ನೂರು ಕಿಲೋ ಹೊತ್ತು ಇವಾಮಿನೆ ಶಿಖರವನ್ನು ಹತ್ತುತ್ತಿದ್ದನಂತೆ. ಆತನ ಹೊರೆ ಐವತ್ತಾರರಿಂದ ಅರವತ್ತೆರಡು ಕಿಲೋ. ಅದಕ್ಕಿಂತ ಹೆಚ್ಚಿಗೆ ಹೊರಲು ಬೆಟ್ಟದ ಸಮಿತಿಯ ನಿಯಮದಲ್ಲಿ ಅವಕಾಶವೇ ಇರಲಿಲ್ಲ. ಹತ್ತು ಸಾವಿರ ಸಲ ಹತ್ತಿದನಂತೆ. ಹತ್ತಿದ್ದು ಎರಡು ಸಾವಿರದ ಹನ್ನೊಂದು ಸಲ. ಒಂದೊಂದಕ್ಕೂ ಚೀಟಿ ಇದೆ. ತಪಸ್ವಿಗಳ ಮನೆತನದಲ್ಲಿ ಹುಟ್ಟಿದವನಂತೆ. ಆತನ ತಂದೆ ಇದ್ದಿಲು ಸುಡುತ್ತಿದ್ದವನು. ಹೆಂಡತಿಯ ಹೆಸರು ನೊಬುಕೊ ಅಂತೆ. ನೊಬು, ಅಷ್ಟೇ.

ಈ ನಾಲ್ಕನ್ನು ಒಂದು ತಿದ್ದೋಲೆ ಅಂಟಿಸಿ ಸರಿಪಡಿಸಬಹುದು. ಐದನೆಯದು ಅಂಥದ್ದಲ್ಲ. ‘ಹೆಣ್ಣಿಗೆ ಪ್ರವೇಶವಿಲ್ಲದ ಶಿಖರದ ಮಂದಿರಕ್ಕೆ ಆತ ತನ್ನ ಪತ್ನಿಯ ಅಸ್ಥಿಯನ್ನು ಯಾರಿಗೂ ತಿಳಿಯದಂತೆ ಹೊರೆಯೊಳಗೆ ಅಡಗಿಸಿ ಒಯ್ದನು. ಪ್ರೇಮದ ಆ ಪುಟ್ಟ ಭರಣಿಯನ್ನು ಇಂದಿಗೂ ಎಡಗಡೆಯ ಹಲಗೆಯ ಮೇಲೆ ಕಾಣಬಹುದು’ ಎಂದು ಅಚ್ಚಾಗಿದೆ. ಯಾತ್ರಿಕರು ಅದನ್ನು ಓದಿಕೊಂಡು ಹೋಗಿ ಹಲಗೆಯ ಮುಂದೆ ಕೈ ಮುಗಿದು ಕಣ್ಣೊರೆಸಿಕೊಳ್ಳುತ್ತಾರೆಂದು ಕೇಳಿದ್ದೇನೆ.

ಭರಣಿ ಇರುವುದು ನಿಜ. ಹಲಗೆಯೂ ಎಡಗಡೆಯದೇ. ಮಿಕ್ಕದ್ದನ್ನು ನಡೆದ ಕ್ರಮದಲ್ಲಿ ಹೇಳಬೇಕಾಗಿದೆ. ೧೯೬೧ರಿಂದ ೧೯೯೬ರವರೆಗೆ ಬೆಟ್ಟದ ಸಮಿತಿಯ ನಡಾವಳಿಯನ್ನು ಬರೆಯುತ್ತಿದ್ದವನು ನಾನೇ ಆದ್ದರಿಂದ ಈ ವಿಷಯದಲ್ಲಿ ಕೇಳಿದ ಮಾತನ್ನು ನೆಚ್ಚಿಕೊಳ್ಳುವ ಅಗತ್ಯ ನನಗೆ ಬಹಳ ಇಲ್ಲ.

ಟೊಮೆಜೊ ಹುಟ್ಟಿದ್ದು ೧೯೧೬ರಲ್ಲಿ. ಯುದ್ಧದಿಂದ ಹಿಂದಿರುಗಿದ ಮೇಲೆ, ೧೯೪೬ರ ಮೇ ತಿಂಗಳಿನಲ್ಲಿ, ಹೊರೆ ಹೊರುವ ಕೆಲಸಕ್ಕೆ ಸೇರಿದ. ಶಿಖರದ ಮಂದಿರದ ಬಾಗಿಲು ಮೇ ಮೂರರಂದು ತೆರೆದು ಸೆಪ್ಟೆಂಬರ್ ಇಪ್ಪತ್ತಮೂರರಂದು ಮುಚ್ಚುತ್ತದೆ. ಆ ನಡುವೆ ಬಿಳಿಯ ಬಟ್ಟೆ ಉಟ್ಟು ಶಂಖ ಊದುತ್ತ ಹತ್ತುವ ಸಾವಿರಾರು ಯಾತ್ರಿಕರು ಮೇಲಿನ ತಂಗುಮನೆಗಳಲ್ಲಿ ಉಣ್ಣುವ ಅಕ್ಕಿ, ಸಾರಿಗೆ ಹಾಕುವ ಸೋಯಾ ಹುದುಗಿನ ಪೀಪಾಯಿ, ಎಣ್ಣೆ, ಹಾಸಿಗೆ, ಮೇಣದ ಬತ್ತಿ, ಎಲ್ಲವೂ ಮನುಷ್ಯರ ಬೆನ್ನ ಮೇಲೆಯೇ ಹೋಗಬೇಕಾಗಿತ್ತು. ಹಳ್ಳಿಯಿಂದ ಎಲ್ಲೆಕಲ್ಲಿನವರೆಗೆ ಎರಡು ಕಿಲೋಮೀಟರು ಸಮನಾದ ದಾರಿ. ಅಲ್ಲಿಂದ ಮುಂದೆ ಹೆಂಗಸರಿಗೆ ಪ್ರವೇಶವಿಲ್ಲ. ಅಲ್ಲಿಂದ ಮುಂದೆ ಏಳೂಕಾಲು ಕಿಲೋಮೀಟರು ಏರು; ಕಡಿದಾದ ಬಂಡೆಗಳಲ್ಲಿ ಹಿಡಿದು ಹತ್ತಲು ಸರಪಳಿ ಕಟ್ಟಿದೆ. ಹೊರೆ ಹೊತ್ತವನಿಗೆ ಐದು ಗಂಟೆ, ಇಳಿಯಲು ಎರಡೂವರೆ.

ಆ ದಾರಿಯಲ್ಲಿ ಎದುರಾದವರೆಲ್ಲ ಒಬ್ಬರಿಗೊಬ್ಬರು ‘ಒಳ್ಳೇ ಯಾತ್ರೆ’ ಎನ್ನಬೇಕೆಂಬುದು ಪದ್ಧತಿ. ಹೊರೆಯಾಳಿಗೆ ಹಾಗೆನ್ನುವುದಿಲ್ಲ. ಬದಿಗೆ ಸರಿದು ನಿಂತು ‘ದಣಿವಾಯ್ತಲ್ಲ’ ಎನ್ನುತ್ತಾರೆ. ಕೂಲಿಗಾಗಿ ಹತ್ತಿದ ಬೆಟ್ಟ ಯಾತ್ರೆಯ ಲೆಕ್ಕಕ್ಕೆ ಸೇರುವುದಿಲ್ಲ. ಮಾರ್ಗದರ್ಶಿ ಒಕುದಾ ಮಟಾಕಿಚಿ ನೂರೆಂಟು ಸಲ ಹತ್ತಿದವರೆಂದು ದಾರಿಯ ಪಕ್ಕದಲ್ಲಿ ಅವರ ಹೆಸರಿನ ಕಂಬ ನಿಂತಿದೆ. ಅಂಚಿನ ಬಂಡೆಯಿಂದ ಹೊಸ ಯಾತ್ರಿಕರನ್ನು ತಲೆಕೆಳಗಾಗಿ ಇಳಿಬಿಟ್ಟು ‘ಅಪ್ಪ ಅಮ್ಮನನ್ನು ನೋಡ್ಕೋತೀಯಾ? ದುಡೀತೀಯಾ?’ ಎಂದು ಗದರಿಸಿ ಮಾತು ಪಡೆಯುವ ಕೆಲಸವೂ ಅವರದಾಗಿತ್ತು. ಕಾಲು ಹಿಡಿದವರ ಬೆನ್ನ ಹಿಂದಿನಿಂದಲೇ ಟೊಮೆಜೊ ತನ್ನ ಪೀಪಾಯಿ ಹೊತ್ತು ದಾಟಿಹೋಗುತ್ತಿದ್ದ. ಆತನನ್ನು ಯಾರೂ ಇಳಿಬಿಟ್ಟವರಿಲ್ಲ, ಏನನ್ನೂ ಕೇಳಿದವರಿಲ್ಲ.

ನೊಬುವನ್ನು ಆತ ಮದುವೆಯಾದದ್ದು ೧೯೪೭ರ ಶರತ್ಕಾಲದಲ್ಲಿ. ಆಕೆ ಕಣಿವೆಯ ಆಚೆಯ ಊರಿನವಳು. ಗಿಡ್ಡ, ಮಾತು ಜೋರು. ಮಕ್ಕಳಾಗಲಿಲ್ಲ. ಮರುವರ್ಷದಿಂದ ಮೂವತ್ತು ಋತುಗಳ ಕಾಲ ಆತನ ಹೊರೆಯನ್ನು ಕಟ್ಟಿದವಳು ಆಕೆಯೇ. ಬೆನ್ನಿಗೇರಿಸುವ ಮರದ ಚೌಕಟ್ಟನ್ನು ಅಂಗಳದ ಕಲ್ಲಿಗೆ ಒರಗಿಸಿ, ಹಗುರವಾದದ್ದನ್ನು ಕೆಳಗೆ, ಭಾರವಾದದ್ದನ್ನು ಹೆಗಲಿನ ಮಟ್ಟಕ್ಕೆ ಇರಿಸಿ, ಹಗ್ಗ ಬಿಗಿದು, ಚೀಟಿಯಲ್ಲಿ ತೂಕ ಬರೆದು ಸಿಕ್ಕಿಸುತ್ತಿದ್ದಳು. ಇದನ್ನು ಇತರ ಹೊರೆಯಾಳುಗಳ ಹೆಂಡಿರೂ ಮಾಡುತ್ತಿದ್ದರು. ನೊಬು ಮಾಡಿದ್ದು ಇದಕ್ಕಿಂತ ಹೆಚ್ಚಿನದು. ಸಂಜೆ ಎಲ್ಲೆಕಲ್ಲಿನವರೆಗೆ ನಡೆದುಬಂದು, ಅಲ್ಲಿ ಯೊನೆ ಎಂಬಾಕೆ ಇಟ್ಟಿದ್ದ ಚಹಾದಂಗಡಿಯ ಮುಂದೆ ಕಾಯುತ್ತಿದ್ದಳು. ಗಂಡ ಇಳಿದು ಬಂದೊಡನೆ ಚೌಕಟ್ಟನ್ನು ಇಳಿಸಿಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಎಡಮೂಲೆಯಲ್ಲಿ ಹೊಸ ಗೀರು ಬಿದ್ದಿದ್ದರೆ, ಎಲ್ಲಿ ತಗುಲಿತೆಂದು ಕೇಳುವಳು. ಕಂಬಿಯ ತುದಿಗೆ ಹಸಿರು ಪಾಚಿ ಮೆತ್ತಿದ್ದರೆ, ಎಷ್ಟು ಎತ್ತರದಲ್ಲಿ ಎಂದು ಕೇಳುವಳು. ಮರುದಿನದ ಹೊರೆಯನ್ನು ಅದಕ್ಕೆ ತಕ್ಕಂತೆ ಕಟ್ಟುವಳು. ಐದಾರು ವರ್ಷ ಕಳೆಯುವುದರೊಳಗೆ ಎಲ್ಲೆಕಲ್ಲಿನಿಂದ ಶಿಖರದವರೆಗಿನ ಒಂದೊಂದು ತಿರುವೂ ಆಕೆಗೆ ಗೊತ್ತಿತ್ತು. ಒಂದನ್ನೂ ಆಕೆ ಕಂಡಿರಲಿಲ್ಲ.

೧೯೭೭ರ ಆಗಸ್ಟಿನಲ್ಲಿ ಒಂದು ಸಂಜೆ ಹಾಗೆ ಚೌಕಟ್ಟು ನೋಡುತ್ತಿದ್ದಾಗ ಆಡಿದ ಮಾತನ್ನು ಯೊನೆ ನನಗೆ ಹೇಳಿದ್ದಾಳೆ. ಯೊನೆಯ ನೆನಪನ್ನು ನಾನು ಬೇರೆ ಮೂರು ಸಂದರ್ಭಗಳಲ್ಲಿ ಪರೀಕ್ಷಿಸಿ ನೋಡಿದ್ದೇನೆ, ಅದು ನಂಬತಕ್ಕದ್ದು.

“ಮೂರನೇ ಸರಪಳಿ ಹತ್ರ ಬಂಡೆ ಎಡಕ್ಕೆ ವಾಲಿದೆ ಅಲ್ವೇನ್ರಿ?” ಎಂದು ನೊಬು ಕೇಳಿದಳು.

“ಹೂಂ,” ಎಂದ ಟೊಮೆಜೊ.

“ಆ ಬಂಡೆ ಆದ್ಮೇಲೆ ಒಂದು ಬೇರು. ಅದನ್ನ ತುಳೀದೆ ದಾಟ್ತೀರಿ.”

“ಹೂಂ.”

“ಮೂವತ್ತು ವರ್ಷದಿಂದ ಹೂಂ ಅಂತಿದ್ದೀರಿ. ನನ್ನ ಸಮಾಧಾನಕ್ಕೆ ಅಂತೀರೋ, ಅಲ್ಲಿ ನಿಜವಾಗ್ಲೂ ಬೇರು ಇದೆಯೋ, ಒಂದ್ಸಲ ಹೋಗಿ ನೋಡ್ಬೇಕು. ಬದುಕಿದ್ದಾಗ ಬಿಡಲ್ಲ. ಸತ್ತ ಮೇಲಾದ್ರೂ ಹೊತ್ಕೊಂಡು ಹೋಗಿ. ಅಕ್ಕಿಗಿಂತ ಹಗುರ ಇರ್ತೀನಿ.”

“ಅಕ್ಕಿ ಮಾತಾಡಲ್ಲ,” ಎಂದನಂತೆ ಟೊಮೆಜೊ. ಮೂವರೂ ನಕ್ಕರಂತೆ.

ನೊಬು ತೀರಿಕೊಂಡದ್ದು ೧೯೭೮ರ ಫೆಬ್ರವರಿ ಒಂಬತ್ತರಂದು, ಶ್ವಾಸಕೋಶದ ಉರಿಯೂತದಿಂದ. ಐವತ್ತಮೂರು ವರ್ಷ. ದಹನವಾದ ಮೇಲೆ ಕಡ್ಡಿಗಳಿಂದ ಎಲುಬು ಆಯುವಾಗ, ಕುಳಿತ ಬುದ್ಧನ ಆಕಾರದ ಕಂಠದ ಎಲುಬನ್ನು ನಮ್ಮಲ್ಲಿ ಪ್ರತ್ಯೇಕವಾಗಿ ಒಂದು ಸಣ್ಣ ಭರಣಿಯಲ್ಲಿ ಇರಿಸುತ್ತಾರೆ. ಮಿಕ್ಕದ್ದು ಮನೆತನದ ಗೋರಿಗೆ. ಕಂಠದ ಎಲುಬು ಅವರವರು ನಡೆದುಕೊಳ್ಳುವ ದೊಡ್ಡ ಮಠಕ್ಕೆ. ಮಾರ್ಚ್ ಇಪ್ಪತ್ತೊಂಬತ್ತಕ್ಕೆ ನಲವತ್ತೊಂಬತ್ತನೆಯ ದಿನದ ಕರ್ಮ ಮುಗಿಯಿತು. ಟೊಮೆಜೊ ಭರಣಿಯನ್ನು ಎಲ್ಲಿಗೂ ಕಳುಹಿಸಲಿಲ್ಲ. ಏಪ್ರಿಲ್ ಹದಿನಾಲ್ಕರ ಬೆಳಿಗ್ಗೆ ಹತ್ತು ಗಂಟೆಗೆ, ಋತುವಿನ ಸಿದ್ಧತೆಗಾಗಿ ಸೇರಿದ್ದ ಸಮಿತಿಯ ಸಭೆಗೆ ಬಂದು ಬಾಗಿಲ ಬಳಿ ಮಂಡಿಯೂರಿ ಕುಳಿತ.

ಸಭೆಯಲ್ಲಿ ಇದ್ದವರು ಏಳು ಜನ. ಮಾತನಾಡಿದವರು ಮೂವರು: ಕೆಳಗಿನ ದೊಡ್ಡ ವಸತಿಗೃಹದ ಮಾಲೀಕರೂ ಆದ ಅಧ್ಯಕ್ಷ ಇಜುತಾನಿ ಗೆಂಪೆ, ಮಂದಿರದ ಅರ್ಚಕರಾದ ಶುಂಕೈ ಗುರುಗಳು, ಮತ್ತು ಎಂಬತ್ತೊಂದು ವರ್ಷದ ಮಟಾಕಿಚಿ ಅಜ್ಜ.

“ಏನ್ ಟೊಮೆಯಣ್ಣ, ಬೆನ್ನು ಕೈ ಕೊಡ್ತಾ?” ಎಂದರು ಗೆಂಪೆ. “ಈ ವರ್ಷ ಬರಲ್ಲ ಅಂತ ಹೇಳೋಕೆ ಬಂದ್ಯಾ? ಹಂಗೇನಾದ್ರೂ ಅಂದ್ರೆ ನಾನೇ ಹೊರ್ಬೇಕಾಗುತ್ತೆ ನೋಡು.”

“ಬೆನ್ನು ಸರಿಯಾಗಿದೆ ಯಜಮಾನ್ರೇ. ಒಂದು ಕೇಳ್ಬೇಕಿತ್ತು.”

“ಕೇಳಪ್ಪ.”

“ನೊಬುದು ಕಂಠದೆಲುಬು ಮನೇಲಿದೆ. ಮೇಲಿನ ಮಂದಿರದಲ್ಲಿ ಇಡಬಹುದಾ ಅಂತ.”

ಯಾರೋ ಚಹಾ ಬಗ್ಗಿಸಿಕೊಂಡರು. ಗುರುಗಳು ಮಾತು ತೆಗೆದರು. “ಎಲ್ಲರೂ ಪೇಟೆಯ ದೊಡ್ಡ ಮಠಕ್ಕೇ ಕಳಿಸ್ತಾರಲ್ಲ ಟೊಮೆಜೊ. ಅಲ್ಲಿ ದಿನಾ ಮಂತ್ರ ಆಗುತ್ತೆ, ದೀಪ ಇರುತ್ತೆ.”

“ಅಲ್ಲಿ ಅವಳಿಗೆ ಏನೂ ಗುರುತಿಲ್ಲ ಗುರುಗಳೇ.”

“ಮೇಲೆ ಮಾತ್ರ ಏನು ಗುರುತಿದೆ? ಒಂದ್ಸಲನೂ ಹತ್ತಿದವಳಲ್ಲ.”

“ದಾರಿ ಗುರುತಿದೆ.”

ಮಟಾಕಿಚಿ ಅಜ್ಜ ಆಗ ಕಣ್ಣು ತೆರೆದರು. ಅವರು ಸಭೆಗಳಲ್ಲಿ ಸಾಮಾನ್ಯವಾಗಿ ತೂಕಡಿಸುತ್ತಿದ್ದರು. “ಇಟ್ಕೊಳ್ಲಿ ಬಿಡ್ರಯ್ಯಾ. ಸುಟ್ಟ ಮೂಳೆಗೆ ಗಂಡು ಹೆಣ್ಣು ಎಲ್ಲಿಂದ ಬಂತು? ನಾಳೆ ನಾನು ಸತ್ತು, ನನ್ನ ಮೂಳೆ ಅವಳ ಮೂಳೆ ಪಕ್ಕಪಕ್ಕ ಇಟ್ರೆ, ಲೋ ಗೆಂಪೆ, ಯಾವ್ದು ಯಾರ್ದು ಅಂತ ಹೇಳ್ತೀಯಾ ನೀನು?”

“ಭರಣಿ ಮೇಲೆ ಹೆಸರಿರುತ್ತಲ್ಲ ಅಜ್ಜ. ಹೆಂಗಸಿನ ಹೆಸರು.”

“ಒರೆಸು.”

“ಒರೆಸಿದ್ರೆ ಅದು ಯಾರ್ದೂ ಅಲ್ಲ. ಯಾರ್ದೂ ಅಲ್ದಿರೋ ಮೂಳೆ ಮೇಲೆ ಯಾಕಿರ್ಬೇಕು? ಇವತ್ತು ಮೂಳೆ ಅಂತೀರಿ, ನಾಳೆ ಫೋಟೋ ಅಂತೀರಿ, ನಾಡಿದ್ದು ಒಸಾಕಾ ಹೆಂಗಸರು ಬಸ್ಸು ಮಾಡ್ಕೊಂಡು ಬಂದು ಎಲ್ಲೆಕಲ್ಲಿನ ಹತ್ರ ನಿಂತ್ಕೊಂಡು ಮೂಳೆಗೊಂದು ನ್ಯಾಯ ನಮಗೊಂದು ನ್ಯಾಯಾನಾ ಅಂತಾರೆ. ಯಾರು ಉತ್ತರ ಕೊಡೋದು, ನೀವಾ?”

“ಅಷ್ಟೊತ್ತಿಗೆ ನಾನೂ ಮೂಳೆ ಆಗಿರ್ತೀನಿ,” ಎಂದರು ಅಜ್ಜ.

ಸಭೆ ನಕ್ಕಿತು. ಟೊಮೆಜೊ ನಗಲಿಲ್ಲ, ಸಿಟ್ಟಾದಂತೆಯೂ ಕಾಣಲಿಲ್ಲ. ಹೊರೆಯನ್ನು ತೂಗುವಾಗ ಮುಳ್ಳು ನಿಲ್ಲುವುದನ್ನು ಕಾಯುತ್ತ ನಿಲ್ಲುತ್ತಿದ್ದನಲ್ಲ, ಹಾಗೆ ಕುಳಿತಿದ್ದ. ಗೆಂಪೆ ಅಧ್ಯಕ್ಷರು ನನ್ನ ಕಡೆ ತಿರುಗಿ ಬರೆದುಕೊಳ್ಳಿ ಎಂದರು. ನಾನು ಬರೆದುಕೊಂಡೆ. ‘ಮಸುತಾನಿ ಟೊಮೆಜೊ ಅವರ ಕೋರಿಕೆ. ಪದ್ಧತಿಗೆ ವಿರುದ್ಧವಾದುದರಿಂದ ಅಂಗೀಕರಿಸಲಾಗದು. ಭಿನ್ನಾಭಿಪ್ರಾಯ: ಇಲ್ಲ.’ ಮಟಾಕಿಚಿ ಅಜ್ಜನ ಮಾತು ತಮಾಷೆಯ ಸ್ವರೂಪದ್ದಾದ್ದರಿಂದ ಅದನ್ನು ಸೇರಿಸಲಿಲ್ಲ. ನಂತರ ಮೇಣದ ಬತ್ತಿಯ ವಿಷಯ ಬಂತು.

ಸಭೆ ಮುಗಿದ ಮೇಲೆ ಅಜ್ಜ ಅಂಗಳದಲ್ಲಿ ಟೊಮೆಜೊನನ್ನು ತಡೆದು ನಿಲ್ಲಿಸಿದರು. ನಾನು ಕಡತ ಹಿಡಿದು ಹಿಂದೆಯೇ ಇದ್ದೆ.

“ಹುಚ್ಚಪ್ಪ! ಕೇಳೋಕೆ ಯಾಕೋ ಹೋದೆ? ದಿನ ಬಿಟ್ಟು ದಿನ ಅರವತ್ತು ಕಿಲೋ ಹೊತ್ಕೊಂಡು ಹೋಗ್ತೀಯ. ಒಂದು ದಿನಕ್ಕಾದ್ರೂ ಯಾರಾದ್ರೂ ನಿನ್ನ ಗಂಟು ಬಿಚ್ಚಿ ನೋಡಿದ್ದಾರೇನೋ? ಅಕ್ಕಿ ಚೀಲದೊಳಗೆ ತುರುಕಿದ್ರೆ ಆಗಿತ್ತು.”

“ಕೇಳದೆ ಒಯ್ದರೆ ಸಾಮಾನು ಆಗುತ್ತೆ ಅಜ್ಜ,” ಎಂದ ಟೊಮೆಜೊ. “ಅವಳು ಸಾಮಾನಲ್ಲ.”

“ಈಗೇನ್ ಮಾಡ್ತೀಯ?”

“ಮೇ ಮೂರಕ್ಕೆ ಅಕ್ಕಿ ಬೇಕಲ್ಲ ಮೇಲೆ,” ಎಂದು ಹೇಳಿ ಹೊರಟುಹೋದ.

ಆತ ಹೋದದ್ದು ನಿಜ. ಆ ಋತುವಿನಲ್ಲಿ ಅರವತ್ತೊಂದು ಸಲ ಹತ್ತಿದ. ಹೊರೆಯನ್ನು ತಾನೇ ಕಟ್ಟಿಕೊಂಡ. ಕಟ್ಟುವ ರೂಢಿ ತಪ್ಪಿಹೋಗಿತ್ತು. ಮೊದಲ ದಿನ ಪೀಪಾಯಿಯನ್ನು ತಳಕ್ಕೆ ಇಟ್ಟು, ಮೂರನೆಯ ಸರಪಳಿಯ ಬಳಿ ಹಿಂದಕ್ಕೆ ಜಗ್ಗಿ ಬಿದ್ದು, ಮೊಣಕೈ ತರಚಿಕೊಂಡು ಬಂದ. ಯೊನೆ ಅದಕ್ಕೆ ಔಷಧ ಹಚ್ಚಿದಳು. ಹಚ್ಚಿದರೆ ಉರಿಯುವ ಔಷಧ ಅದು. ಆತ ಕೈಯನ್ನು ಎಳೆದುಕೊಳ್ಳಲಿಲ್ಲವಂತೆ.

ಭರಣಿಯ ವಿಷಯದಲ್ಲಿ ಆತ ನಡೆದುಕೊಂಡ ರೀತಿ ಹೀಗೆ. ಹೊರೆ ಹೊರುವ ದಿನ ಬೆಳಿಗ್ಗೆ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಎಲ್ಲೆಕಲ್ಲಿನವರೆಗೆ ತರುತ್ತಿದ್ದ. ಅಲ್ಲಿ ಊರುಗೋಲನ್ನು ಹೊರೆಯ ಕೆಳಗೆ ಆನಿಸಿ ನಿಂತುಕೊಂಡೇ ಭರಣಿಯನ್ನು ತೆಗೆದು ಯೊನೆಯ ಕೈಗೆ ಕೊಡುತ್ತಿದ್ದ. ಆಕೆ ಅದನ್ನು ಅಂಗಡಿಯ ಹಲಗೆಯ ಮೇಲೆ, ಚಹಾದ ಡಬ್ಬಿಗಳ ಪಕ್ಕದಲ್ಲಿ, ಬೆಟ್ಟದ ಕಡೆಗೆ ಮುಖಮಾಡಿ ಇಡುತ್ತಿದ್ದಳು. ಭರಣಿಗೆ ಮುಖವೆಂಬುದಿಲ್ಲ, ಹೆಸರು ಬರೆದ ಬದಿ ಎಂದು ತಿಳಿಯತಕ್ಕದ್ದು. ಸಂಜೆ ಇಳಿದು ಬಂದು ಚೌಕಟ್ಟನ್ನು ಆ ಹಲಗೆಯ ಎದುರಿಗೆ, ಗೀರು ಬಿದ್ದ ಮೂಲೆ ಕಾಣುವಂತೆ ಒರಗಿಸಿ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕೂರುತ್ತಿದ್ದ. ನಿಯಮದ ಉಲ್ಲಂಘನೆ ಇದರಲ್ಲಿ ಎಳ್ಳಷ್ಟೂ ಇರಲಿಲ್ಲ. ಎಲ್ಲೆಕಲ್ಲಿಗೂ ಯೊನೆಯ ಅಂಗಡಿಯ ಹಲಗೆಗೂ ನಾಲ್ಕು ಮೀಟರು ಅಂತರ. ಅಂಗಡಿ ಕೆಳಗಿನ ಬದಿಯಲ್ಲಿದೆ.

“ಏನಾದ್ರೂ ಹೇಳೋ ಮಾರಾಯ, ಅವಳು ಬೆಳಗಿಂದ ಕಾಯ್ತಿದ್ದಾಳೆ,” ಎಂದಳಂತೆ ಯೊನೆ ಒಂದು ದಿನ, ತಡೆಯಲಾರದೆ.

“ಗೀರು ಇದೆಯಲ್ಲ. ನೋಡ್ಕೋತಾಳೆ,” ಎಂದನಂತೆ ಆತ.

ಋತುವಿನ ಕೊನೆಯ ದಿನ, ಸೆಪ್ಟೆಂಬರ್ ಇಪ್ಪತ್ತಮೂರು, ಮಂಜು ಬಿದ್ದಿತ್ತು. ಬಾಗಿಲು ಮುಚ್ಚುವ ವಿಧಿಗೆಂದು ಮಟಾಕಿಚಿ ಅಜ್ಜ ಬಿಳಿ ಬಟ್ಟೆ ಉಟ್ಟು ಹೊರಟಿದ್ದರು. ಅವರ ಕಾಲು ಆಗಲೇ ಸೋತಿತ್ತು; ಅದು ಅವರ ನೂರ ಹತ್ತೊಂಬತ್ತನೆಯ ಹಾಗೂ ಕೊನೆಯ ಯಾತ್ರೆ. ಕಂಬದ ಮೇಲೆ ನೂರೆಂಟೆಂದೇ ಇದೆ, ಕಂಬ ಹಳೆಯದು. ಅವರು ಯೊನೆಯ ಅಂಗಡಿಗೆ ಬಂದು ಕುಳಿತರು. ಟೊಮೆಜೊ ಆಗತಾನೇ ಭರಣಿಯನ್ನು ಆಕೆಯ ಕೈಗೆ ಕೊಡುತ್ತಿದ್ದ.

“ಇಲ್ಲಿ ಕೊಡು ಅದನ್ನ,” ಎಂದರು ಅಜ್ಜ. “ನಿನ್ನ ಗಂಟು ಬಿಚ್ಚಿ ನೋಡದವರು ನನ್ನ ಜೋಳಿಗೆ ನೋಡ್ತಾರಾ? ಮೇಲಿನ ಹಲಗೆ ಮೇಲೆ ಹೂದಾನಿ ಹಿಂದೆ ಇಟ್ಟು ಬರ್ತೀನಿ. ನಾಳೆಯಿಂದ ಏಳು ತಿಂಗಳು ಬಾಗಿಲು ಹಾಕಿರುತ್ತೆ. ಆಮೇಲೆ ನೋಡಿದವರು ಯಾರದೋ ಹಳೇದು ಅಂತಾರೆ.”

“ನಾನು ಆ ಕಡೆ ತಿರುಗಿ ಒಲೆ ಊದ್ತಿರ್ತೀನಿ,” ಎಂದಳು ಯೊನೆ. “ನಾನೇನೂ ನೋಡಿಲ್ಲ.”

ಟೊಮೆಜೊ ಊರುಗೋಲಿನ ಮೇಲೆ ಹೊರೆ ಆನಿಸಿ ನಿಂತೇ ಇದ್ದ. ಭರಣಿ ಆತನ ಕೈಯಲ್ಲಿತ್ತು. ಹಾಗೆ ಬಹಳ ಹೊತ್ತು ನಿಂತಿದ್ದನೆಂದು ಯೊನೆ ಹೇಳುತ್ತಾಳೆ. ಎಷ್ಟು ಹೊತ್ತೆಂದು ನಾನು ಕೇಳಿದ್ದಕ್ಕೆ, ನೀರು ಕುದಿ ಬಂದು ಉಕ್ಕುವಷ್ಟು ಎಂದಳು.

“ಕೇಳಿ ಆಗಿದೆ ಅಜ್ಜ,” ಎಂದ ಕೊನೆಗೆ. “ಕೇಳದೇ ಇದ್ದಿದ್ರೆ ಬೇರೆ ಮಾತು. ಕೇಳಿ, ಇಲ್ಲ ಅನ್ನಿಸ್ಕೊಂಡು, ಅದರ ಮೇಲೆ ಹೂದಾನಿ ಹಿಂದೆ ಅಡಗಿಸಿಟ್ರೆ ಅವಳಿಗೆ ಏನು ಮರ್ಯಾದೆ?”

“ಮರ್ಯಾದೆಯಂತೆ! ಅವಳು ಕೇಳಿದ್ದು ಬೇರು ನೋಡ್ಬೇಕು ಅಂತಲ್ವೇನೋ?” ಎಂದಳು ಯೊನೆ.

ಆತ ಭರಣಿಯನ್ನು ಆಕೆಯ ಕೈಗಿಟ್ಟು ಮಂಜಿನೊಳಗೆ ಹತ್ತಿಹೋದ. ಅದೇ ಎರಡು ಸಾವಿರದ ಹನ್ನೊಂದನೆಯದು.

ಸಂಜೆ ಬಂದವನು ಖಾಲಿ ಚೌಕಟ್ಟನ್ನು ಅಂಗಡಿಯ ಮೊಳೆಗೆ ನೇತುಹಾಕಿ, ಭರಣಿಯನ್ನು ಮಾತ್ರ ತೆಗೆದುಕೊಂಡು ಮನೆಗೆ ನಡೆದ. ಮರುವರ್ಷ ಏಪ್ರಿಲಿನಲ್ಲಿ ಕಚೇರಿಗೆ ಬಂದು ಹೊರೆಯಾಳಿನ ಬಿಲ್ಲೆಯನ್ನು ನನ್ನ ಮೇಜಿನ ಮೇಲಿಟ್ಟ. ಕಾರಣವನ್ನು ನಮೂದಿಸಬೇಕಾಗಿದ್ದರಿಂದ ಕೇಳಿದೆ.

“ಕಾಲು,” ಎಂದ.

“ನೋವೇ?”

“ನೋವಿಲ್ಲ. ಎಲ್ಲೆಕಲ್ಲು ದಾಟಿದ ಮೇಲೆ ಕಾಲು ನೆಲದ ಮೇಲಿದೆಯೋ ಇಲ್ವೋ ಗೊತ್ತಾಗಲ್ಲ. ಕೆಳಗೆ ಇದ್ದಾಗ ಗೊತ್ತಾಗುತ್ತೆ.”

‘ಕಾಲಿನ ಅಸ್ವಾಸ್ಥ್ಯ’ ಎಂದು ಬರೆದೆ. ವೈದ್ಯರು ಏನನ್ನೂ ಕಾಣಲಿಲ್ಲ.

ಅಲ್ಲಿಂದ ಮುಂದಿನ ಹದಿಮೂರು ವರ್ಷಗಳ ಬಗ್ಗೆ ಕೈಪಿಡಿ ಏನನ್ನೂ ಹೇಳುವುದಿಲ್ಲ. ಹೇಳಲು ಏನೂ ಇಲ್ಲವೆಂಬುದು ಒಂದು ದೃಷ್ಟಿಯಿಂದ ಸರಿ. ಆತ ಮನೆಯ ಜಗುಲಿಯಲ್ಲಿ ಕುಳಿತು ದೇವದಾರಿನ ಚೂರುಗಳಿಂದ ಊಟದ ಕಡ್ಡಿ ಕೆತ್ತುತ್ತಿದ್ದ. ಬೆಳಿಗ್ಗೆ ಚಹಾ ಗಂಜಿ, ಮಧ್ಯಾಹ್ನ ಸಾಸಿವೆ ಎಲೆಯಲ್ಲಿ ಸುತ್ತಿದ ಅನ್ನದ ಉಂಡೆ. ೧೯೮೧ರಲ್ಲಿ ಭರಣಿಯನ್ನು ತಾನೇ ಗೋರಿಯ ಕಲ್ಲು ಸರಿಸಿ ನೊಬುವಿನ ಮಿಕ್ಕ ಎಲುಬುಗಳ ಜೊತೆ ಇಟ್ಟ. ಯಾರನ್ನೂ ಕರೆಯಲಿಲ್ಲ. ೧೯೮೬ರಿಂದ ಶಿಖರಕ್ಕೆ ಸಾಮಾನು ಹೆಲಿಕಾಪ್ಟರಿನಲ್ಲಿ ಹೋಗತೊಡಗಿತು. ಅದು ಹಳ್ಳಿಯ ಮೇಲೆ ಹಾರುವಾಗ ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಆತ ನೋಡುತ್ತಿರಲಿಲ್ಲ. ಸಿಟ್ಟಿನಿಂದಲ್ಲ; ಕಡ್ಡಿಯ ತುದಿ ಕೆತ್ತುವಾಗ ಕಣ್ಣು ತೆಗೆಯುವಂತಿಲ್ಲ.

ಟೊಮೆಜೊ ಸತ್ತದ್ದು ೧೯೯೩ರ ಜನವರಿ ಹದಿನೇಳರಂದು, ಎಪ್ಪತ್ತಾರನೆಯ ವಯಸ್ಸಿನಲ್ಲಿ. ಮಾರ್ಚ್ ತಿಂಗಳ ಸಭೆಯಲ್ಲಿ ಗೆಂಪೆ ಅಧ್ಯಕ್ಷರು, ಆಗಲೂ ಅವರೇ ಅಧ್ಯಕ್ಷರು, ತಾವಾಗಿ ಒಂದು ವಿಷಯ ಎತ್ತಿದರು. “ಮೂವತ್ತಮೂರು ಋತು ನಮ್ಮ ಅನ್ನ ಹೊತ್ತ ಮನುಷ್ಯ. ಒಂದು ಕಂಬ ಕೂಡ ನಿಲ್ಲಿಸಲಿಲ್ಲ. ಅವನ ಕಂಠದೆಲುಬನ್ನ ಮೇಲಿನ ಮಂದಿರದಲ್ಲಿ ಇಡೋಣ. ಅಷ್ಟಾದ್ರೂ ಮಾಡೋಣ.” ಅವರ ದನಿ ನಡುಗುತ್ತಿತ್ತು. ಅದು ಸೋಗಿನದಲ್ಲವೆಂದು ನಾನು ದಾಖಲಿಸಬೇಕು. ಸಕಾಯ್ ಪಟ್ಟಣದಲ್ಲಿದ್ದ ಅಣ್ಣನ ಮಗನನ್ನು ದೂರವಾಣಿಯಲ್ಲಿ ಕೇಳಲಾಯಿತು. ಆತ ಬಹಳ ಸಂತೋಷ ಎಂದ. ಭಿನ್ನಾಭಿಪ್ರಾಯ ಇರಲಿಲ್ಲ. ಮಟಾಕಿಚಿ ಅಜ್ಜ ಹತ್ತು ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು.

ಮರುದಿನ ಯೊನೆ ಕಚೇರಿಗೆ ಬಂದಳು. ಏಪ್ರನ್ನನ್ನೂ ಬಿಚ್ಚಿರಲಿಲ್ಲ.

“ಸಾಹೇಬ್ರೇ, ಇದೇನಿದು? ಟೊಮೆಯಣ್ಣನ್ನ ಮೇಲೆ ಕಳಿಸ್ತಿದ್ದೀರಂತೆ? ಅವನು ನನ್ನ ಹತ್ರ ಎಷ್ಟು ಸಲ ಹೇಳಿದ್ದ, ನನ್ನ ಎಲುಬನ್ನ ಬೇರೆ ಮಾಡಬೇಡಿ, ಪೂರ್ತಿ ಅವಳ ಜೊತೇಲೇ ಹಾಕಿ ಅಂತ.”

“ಲಿಖಿತವಾಗಿ ಏನಾದರೂ ಇದೆಯೇ?” ಎಂದು ಕೇಳಿದೆ.

“ಅವನು ಯಾವತ್ತು ಏನು ಬರೆದಿದ್ದ? ಹೊರೆ ಚೀಟೀನೂ ನೊಬೂನೇ ಬರೀತಿದ್ಲು.”

“ಬಂಧುಗಳ ಒಪ್ಪಿಗೆ ಸಮಿತಿಯ ಬಳಿ ಇದೆ. ನೀವು ಬಂಧುವಲ್ಲ.”

“ಅಲ್ಲ,” ಎಂದಳು ಯೊನೆ. “ನಾನು ಚಹಾ ಮಾರೋಳು.” ಹಾಗೆಂದವಳೇ ಹೊರಟುಹೋದಳು. ನಿಯಮದಂತೆ ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಈಗಲೂ ಇಲ್ಲ. ಆಕೆ ಬಂದುಹೋದದ್ದನ್ನು ಎಲ್ಲಿಯೂ ಬರೆಯಲಿಲ್ಲ; ಇಂದು ಇಲ್ಲಿ ಬರೆದಿದ್ದೇನೆ.

ಈಗ ಕೈಪಿಡಿಗೆ ಬರುತ್ತೇನೆ. ಹೋದ ತಿಂಗಳು ಅದನ್ನು ಯೊನೆಯ ಮನೆಗೆ ಒಯ್ದು ಹನ್ನೊಂದನೆಯ ಪುಟವನ್ನು ಓದಿ ಹೇಳಿದೆ. ಆಕೆಗೆ ಎಂಬತ್ತೆಂಟು, ಕಣ್ಣು ಕಾಣುವುದಿಲ್ಲ, ಕಿವಿ ಚೆನ್ನಾಗಿದೆ. ಸಾಕ್ಷಿಯಾಗಿ ಒಂದು ಹೇಳಿಕೆ ಕೊಡಬೇಕೆಂದು ಕೇಳಿದೆ.

“ಇನ್ನೊಂದ್ಸಲ ಓದಿ,” ಎಂದಳು.

ಓದಿದೆ.

“ಹಂಗಾದ್ರೆ ನೊಬು ಮೇಲೆ ಹೋದ್ಲು ಅಂತ ಅಚ್ಚಾಗಿದೆಯಾ?”

“ಹೌದು. ತಪ್ಪಾಗಿ.”

“ಜನ ಅವಳಿಗೆ ಕೈ ಮುಗೀತಾರಾ?”

“ಮುಗಿಯುತ್ತಾರಂತೆ.”

“ಬಿಡಿ ಸಾಹೇಬ್ರೇ. ತಿದ್ದಬೇಡಿ. ನಿಮ್ಮ ಕೈಯಲ್ಲಿ ಅವಳಿಗೆ ಇದೊಂದಾದ್ರೂ ಆಗ್ಲಿ.”

ಕೈಪಿಡಿಯನ್ನು ಮುಚ್ಚಿಕೊಂಡು ಹೊರಟೆ. ದಾರಿಯಲ್ಲಿ ಯೋಚಿಸಿದೆ. ಹಾಗೇ ಬಿಟ್ಟರೆ ಯಾರಿಗೂ ನಷ್ಟವಿಲ್ಲವೆಂದು ತೋರಬಹುದು. ಆದರೆ ನೊಬು ಹೋಗಲಿಲ್ಲ. ಹೋಗಲು ಬಿಡಲಿಲ್ಲ. ಹೋದಳೆಂದು ಅಚ್ಚು ಹಾಕಿದರೆ, ಬಿಡಲಿಲ್ಲವೆಂಬುದು ಇಲ್ಲವಾಗುತ್ತದೆ. ಟೊಮೆಜೊ ಬಾಗಿಲ ಬಳಿ ಮಂಡಿಯೂರಿ ಕೇಳಿದ್ದು, ಏಳು ಜನ ಕುಳಿತು ನಿರಾಕರಿಸಿದ್ದು, ಒಬ್ಬ ಬರೆದುಕೊಂಡದ್ದು, ಎಲ್ಲವೂ ಇಲ್ಲವಾಗುತ್ತದೆ. ಅದಕ್ಕೆ ನಾನು ಒಪ್ಪಲಾರೆ. ಯೊನೆಯ ಹೇಳಿಕೆ ಇಲ್ಲದೆಯೇ ಇದನ್ನು ಸಾಬೀತುಪಡಿಸಬಹುದು.

ಎಡಗಡೆಯ ಹಲಗೆಯ ಮೇಲಿನ ಭರಣಿಯ ಹೆಸರು ತೇವಕ್ಕೆ ಅಳಿಸಿಹೋಗಿದೆ. ಗಂಡಸಿನದೋ ಹೆಂಗಸಿನದೋ ಈಗ ಓದಲಾಗುವುದಿಲ್ಲ. ಅದರಲ್ಲಿರುವುದು ಟೊಮೆಜೊ. ೧೯೯೩ರ ಏಪ್ರಿಲಿನ ಮಳೆಯಲ್ಲಿ ಎರಡನೆಯ ಸರಪಳಿಯ ಬಳಿ ದಾರಿ ಕುಸಿದಿತ್ತು. ಬಾಗಿಲು ತೆರೆಯುವ ದಿನಕ್ಕೆ ಮುಂಚೆ ಭರಣಿ ಮೇಲಿರಬೇಕೆಂದು ಅಧ್ಯಕ್ಷರ ಅಪೇಕ್ಷೆಯಿತ್ತು. ಆದ್ದರಿಂದ ಅದನ್ನು ಮೇ ಒಂದರ ಹೆಲಿಕಾಪ್ಟರಿನಲ್ಲಿ ಕಳುಹಿಸಲಾಯಿತು. ಆ ದಿನದ ಸಾಮಾನು ಪಟ್ಟಿಯ ಪ್ರತಿ ನನ್ನ ಬಳಿ ಇದೆ. ಅಕ್ಕಿ, ಆರು ಚೀಲ. ಸೋಯಾ ಹುದುಗು, ಎರಡು ಪೀಪಾಯಿ. ಅನಿಲದ ಸಿಲಿಂಡರು, ನಾಲ್ಕು. ಹೊದಿಕೆ, ಇಪ್ಪತ್ತು. ಮೇಣದ ಬತ್ತಿ, ಮೂರು ಪೆಟ್ಟಿಗೆ. ತಗಡು, ಎಂಟು ಹಾಳೆ. ಕ್ರಮಸಂಖ್ಯೆ ಏಳು: ಭರಣಿ, ಒಂದು. ತೂಕ ಮುನ್ನೂರ ನಲವತ್ತು ಗ್ರಾಂ. ಕೆಳಗಿನ ಸಹಿ ನನ್ನದು.